ಗೊಣಗುವ ದಾರಿಪುಸ್ತಕ

ಇದನ್ನು ನನಗೆ ಮೊದಲು ಹೇಳಿದವರು ಇಂದುಮತಿ ಮಾಮಿ. ಅಪ್ಪನಿಗೆ ಕರಾವಳಿಗೆ ವರ್ಗವಾಗಿದ್ದಾಗ ನಾವಿದ್ದ ವಠಾರದಲ್ಲಿ ಅವರು ಮಹಡಿಮನೆಯವರು. ಜೂನ್ ಬಂತೆಂದರೆ ಇಡೀ ವಠಾರದ ಮಕ್ಕಳ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ ಅವರದು. ಯಾರೂ ಅವರಿಗೆ ವಹಿಸಿದ್ದಲ್ಲ. ಬೇರೆಯವರು ಹಾಕಿದ ಬೈಂಡು ಕಂಡರೆ ಅವರಿಗೆ ಸಂಕಟವಾಗುತ್ತಿತ್ತು, ಅಷ್ಟೆ. ಒಂದು ಸಲ ನನ್ನ ಸಮಾಜ ಪುಸ್ತಕದಲ್ಲಿ ಒಂದು ಪುಟದ ಕಿವಿ ಮಡಿಸಿದ್ದನ್ನು ನೋಡಿ ಕತ್ತರಿ ಕೆಳಗಿಟ್ಟರು.

"ಯಾರು ಹೊರಟಿರೋದು?" ಎಂದರು.

"ಯಾರೂ ಇಲ್ಲ ಮಾಮಿ. ಸುಮ್ಮನೆ ಮಡಿಸಿದೆ."

"ಸುಮ್ಮಸುಮ್ಮನೆ ಮಡಿಸ್ತಾರೇನೇ ಹುಡುಗಿ?" ಎಂದು ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಈ ಕಥೆ ಶುರು ಮಾಡಿದರು. ಆ ವರ್ಷ ನನ್ನ ಸಮಾಜ ಪುಸ್ತಕ ಅರ್ಧ ಬೈಂಡಿನಲ್ಲೇ ಪಾಸಾಯಿತು.

ಒಂದು ಊರಿತ್ತು. ಒಂದು ಕಡೆ ಸಮುದ್ರ, ಸುತ್ತಲೂ ಗೋಡೆ. ಗೋಡೆಗೆ ಒಂದು ಕಿಟಕಿಯೂ ಇರಲಿಲ್ಲ. ಸಮುದ್ರದ ಕಡೆಗೆ ಮಾತ್ರ ಒಂದು ಬಾಗಿಲಿತ್ತು. ಆ ಊರಿನಲ್ಲಿ ಜನ ಎರಡೇ ಬಗೆ: ಹೊರಡುವವರು, ಉಳಿಯುವವರು.

ಸಮುದ್ರದಾಚೆಗೆ ಹೊರಡುವವರು ದಾರಿಪುಸ್ತಕವಿಲ್ಲದೆ ಹೊರಡುವಂತಿರಲಿಲ್ಲ. ಯಾವ ಬಂದರಿನಲ್ಲಿ ಇಳಿಯಬೇಕು, ಯಾವ ಛತ್ರದಲ್ಲಿ ಮಲಗಬೇಕು, ಯಾವ ಸೇತುವೆಯನ್ನು ನಂಬಬಾರದು, ಎಲ್ಲವನ್ನೂ ಹೇಳುವ ಪುಸ್ತಕ. ಒಬ್ಬರಿಗೆ ಒಂದೇ. ಪುಸ್ತಕ ಆರಿಸುವುದು ಹೊರಡುವವರ ಪಾಲು. ಅದನ್ನು ಪೂರ್ತಿ ಓದಿ, ಒಂದೇ ಒಂದು ಪುಟದ ಕಿವಿ ಮಡಿಸುವುದು ಉಳಿಯುವವರ ಪಾಲು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಮಡಿಸಬೇಕು. ಒಲೆಯ ಕೆಂಡ ತುಂಬಿದ ತಂಬಿಗೆಯನ್ನು ಅದರ ಮೇಲೆ ಓಡಿಸಿ ಗೆರೆ ಕೂರಿಸಬೇಕು. ಮಡಿಸುವಾಗ ಅಳಬಾರದು; ಕಾಗದ ಒದ್ದೆಯಾದರೆ ಗೆರೆ ನಿಲ್ಲುವುದಿಲ್ಲ.

ಮಡಿಸಿದ ಪುಟದಲ್ಲಿ ಯಾವ ಊರಿದೆಯೋ ಆ ಊರು ಮುಟ್ಟಿದ ದಿನ, ಹೊರಟವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಈ ಹೊತ್ತಿನಲ್ಲಿ ಮನೆಯ ಒಲೆಯ ಮೇಲೆ ಏನಿದೆ ಎಂದು ಬಾಯಿಬಿಟ್ಟು ಹೇಳಬೇಕು. ಒಂದೇ ಸಲ. ಹೇಳಿದ್ದು ನಿಜವಾದರೆ ಮಡಿಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಮೇಲೆ ಪುಸ್ತಕದ ಕೊನೆಯ ಪುಟದವರೆಗೆ ಹೋಗಲೇಬೇಕು, ನಡುವೆ ತಿರುಗುವಂತಿಲ್ಲ. ಹೇಳಿದ್ದು ತಪ್ಪಾದರೆ ಮಡಿಕೆ ಹಾಗೇ ಇರುತ್ತದೆ. ಮನೆ ಮರೆತವರಿಗೆ ಮುಂದೆ ದಾರಿಯಿಲ್ಲ. ಸಿಕ್ಕ ಹಡಗು ಹತ್ತಿ ಹಿಂದಿರುಗಬೇಕು.

ಅಂದರೆ, ಮನೆ ನೆನಪಿದ್ದವರು ದೂರ ಹೋಗುತ್ತಿದ್ದರು, ಮನೆ ಮರೆತವರು ಮನೆಗೆ ಬರುತ್ತಿದ್ದರು. ಇದೆಂಥ ನ್ಯಾಯ ಎಂದು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. "ನಿಯಮ ಮಾಡಿದವರಿಗೆ ಒಲೆ ಮುಂದೆ ಕೂತು ಗೊತ್ತಿರಲಿಲ್ಲ ಅಂತ ಕಾಣುತ್ತೆ" ಎಂದರು ಮಾಮಿ.

ಯಾವ ಪುಟ ಮಡಿಸಬೇಕು ಎನ್ನುವುದರಲ್ಲಿ ಊರಿಗೆ ಊರೇ ಪಳಗಿತ್ತು. ತಾಯಂದಿರು ಮೊದಲ ಬಂದರಿನ ಪುಟವನ್ನೇ ಮಡಿಸುತ್ತಿದ್ದರು, ಮಗ ಹಡಗಿನಿಂದ ಇಳಿಯುತ್ತಿದ್ದಂತೆ ಪರೀಕ್ಷೆ. ಹೆಂಡತಿಯರು ಕುಣಿತದ ಮನೆಗಳಿರುವ ಪುಟವನ್ನು ಹುಡುಕಿ ಮಡಿಸುತ್ತಿದ್ದರು. ಅತ್ತೆಯಂದಿರು ಎಲ್ಲ ಮುಗಿದ ಮೇಲಿನ ಖಾಲಿ ಹಾಳೆಯನ್ನು ಮಡಿಸಿ, "ಅವಸರ ಏನಿಲ್ಲಮ್ಮ, ನಿಧಾನವಾಗಿ ಬಾ" ಎನ್ನುತ್ತಿದ್ದರು.

ಸಮುದ್ರದ ಬಾಗಿಲಿನ ಪಕ್ಕದ ಮನೆಯಲ್ಲಿ ಅಕ್ಕ ತಂಗಿ ಇದ್ದರು. ಅವರಿಗೆ ಬೇರೆ ಯಾರೂ ಇರಲಿಲ್ಲ. ಇಬ್ಬರೂ ಸೇರಿ ಕೊಡೆ ಮಾಡುತ್ತಿದ್ದರು. ತಂಗಿ ಕಡ್ಡಿ ಕಟ್ಟುವವಳು, ಅಕ್ಕ ಬಟ್ಟೆ ಹೊಲಿಯುವವಳು. ಅಕ್ಕನ ಒಲೆಯ ಮೇಲೆ ಯಾವಾಗಲೂ ಹುರುಳಿ ಸಾರು. ಬೇರೆ ಬರುತ್ತಿರಲಿಲ್ಲವೆಂದಲ್ಲ, ಬೇರೆಯದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ವರ್ಷಕ್ಕೊಮ್ಮೆ, ಹಿತ್ತಲಿನಲ್ಲಿ ಅರಿಶಿನದ ಎಲೆ ಅಗಲವಾದಾಗ, ತಂಗಿ ಅವಳ ಸೆರಗು ಹಿಡಿದುಕೊಂಡು ಸುತ್ತುತ್ತಿದ್ದಳು. ಆಗ ಮಾತ್ರ ಅಕ್ಕ ಗೊಣಗಿಕೊಂಡು ಅಕ್ಕಿ ನೆನೆಹಾಕಿ, ಬೆಲ್ಲ ಕಾಯಿ ಹೂರಣವಿಟ್ಟು, ಎಲೆಯಲ್ಲಿ ಸುತ್ತಿ ಕಡುಬು ಬೇಯಿಸುತ್ತಿದ್ದಳು. ಆ ಹಬೆ ಮನೆಯಿಂದ ಬೀದಿಗೆ, ಬೀದಿಯಿಂದ ಸಮುದ್ರಕ್ಕೆ ಹೋಗುತ್ತಿತ್ತು.

ತಂಗಿಗೆ ಒಂದೇ ಆಸೆ. ಸಮುದ್ರದಾಚೆ, ಎಲ್ಲ ದಾರಿಗಳೂ ಮುಗಿದ ಮೇಲೆ, ನೆಲ ಕೊನೆಯಾಗುವ ಒಂದು ಜಾಗವಿದೆಯಂತೆ. ಅದನ್ನು ನೋಡಬೇಕು. ಚಿಕ್ಕವಳಿದ್ದಾಗಿನಿಂದ ಹಡಗು ಕೂಗಿದಾಗಲೆಲ್ಲ ಅವಳ ಕೈಯಲ್ಲಿದ್ದ ಕಡ್ಡಿ ನಿಂತುಬಿಡುತ್ತಿತ್ತು. ಒಂದು ದಿನ ಅಕ್ಕನೇ ಬೇಸತ್ತು ಹೇಳಿದಳು.

"ಹೋಗಿ ಬಂದುಬಿಡೆ ಮಾರಾಯ್ತಿ. ನೀನು ಹೀಗೆ ಬಾಯಿ ತೆಕ್ಕೊಂಡು ಕೂತ್ರೆ ಊರಲ್ಲಿ ಒಂದು ಕೊಡೇನೂ ನೆಟ್ಟಗಿರಲ್ಲ."

ಇಬ್ಬರೂ ಪುಸ್ತಕದ ಮನೆಗೆ ಹೋದರು. ಅದು ಉದ್ದನೆಯ ತಂಪಾದ ಮನೆ. ನೆಲದಿಂದ ಸೂರಿನವರೆಗೆ ದಾರಿಪುಸ್ತಕಗಳು. ನಡುವೆ ಪುಸ್ತಕದಮ್ಮ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು. ಅವಳು ಅಲ್ಲಿಂದ ಎದ್ದದ್ದನ್ನು ಕಂಡವರಿಲ್ಲ.

"ಎಷ್ಟು ದೂರ?" ಎಂದಳು ಪುಸ್ತಕದಮ್ಮ.

"ಕೊನೇವರೆಗೂ" ಎಂದಳು ತಂಗಿ.

"ಎಲ್ಲರೂ ಹಾಗೇ ಅನ್ನೋದು. ನೋಡ್ಕೊ."

ಒಂದು ಪುಸ್ತಕ ಬಂಗಾರದ ಅಂಚಿನದು. ಅದರಲ್ಲಿ ಪುಟಕ್ಕೊಂದು ಊರು, ಎಲ್ಲ ಊರೂ ಅದ್ಭುತ. ಬೆಟ್ಟ ಅದ್ಭುತ, ಕೆರೆ ಅದ್ಭುತ, ಸಂತೆಯ ಬೀದಿಯೂ ಅದ್ಭುತ. "ಅದನ್ನ ತಗೊಂಡು ಹೋದವರೆಲ್ಲ ಮುಖ ಊದಿಸಿಕೊಂಡೇ ವಾಪಸ್ ಬಂದಿರೋದು" ಎಂದಳು ಪುಸ್ತಕದಮ್ಮ. ಇನ್ನೊಂದು ಬರೀ ನಕ್ಷೆಗಳದು. ಗೆರೆಗಳು ಕೂದಲಿನಷ್ಟು ನಯ, ಆದರೆ ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಮತ್ತೊಂದು ತೀರ ಹಳೆಯದು. ಅದು ಹೊಗಳಿದ ಛತ್ರಗಳೆಲ್ಲ ಬಿದ್ದುಹೋಗಿದ್ದವು, ಅದು ಹೇಳಿದ ನದಿ ಬೇರೆ ಕಡೆ ಹರಿಯುತ್ತಿತ್ತು. "ಭಾಷೆ ಮಾತ್ರ ಚೆಂದ" ಎಂದಳು ಪುಸ್ತಕದಮ್ಮ, ತಾನೇ ಬರೆದವಳ ಹಾಗೆ. ನನಗೆ ಇವತ್ತಿಗೂ ದೊಡ್ಡ ಪುಸ್ತಕದಂಗಡಿಗಳಲ್ಲಿ ಪ್ರವಾಸದ ಕಪಾಟಿನ ಮುಂದೆ ನಿಂತರೆ ಈ ಪುಸ್ತಕಗಳೇ ಕಾಣುವುದು. ಹೆಸರು ಬೇರೆ, ಹೊಳಪು ಜಾಸ್ತಿ, ಅಷ್ಟೇ ವ್ಯತ್ಯಾಸ.

ತಂಗಿ ಕೆಳಗಿನ ಸಾಲಿನಿಂದ ಒಂದು ಮಣ್ಣುಬಣ್ಣದ ಪುಸ್ತಕ ಎಳೆದಳು. ನಡುವೆ ತೆರೆದು ಓದಿದಳು: "ಈ ಊರಿನ ನೀರು ಉಪ್ಪು. ಛತ್ರದ ಹಾಸಿಗೆಯಲ್ಲಿ ತಿಗಣೆ. ಬೆಟ್ಟ ಹತ್ತಬಹುದು, ಆದರೆ ಮೇಲೆ ಹೋಗಿ ಮಾಡುವುದೇನು? ಹೋಗಲೇಬೇಕೆಂದರೆ ಬೆಳಿಗ್ಗೆ ಹೋಗಿ. ತಲೆಗೆ ಏನಾದರೂ ಕಟ್ಟಿಕೊಳ್ಳಿ. ಸೂರ್ಯ ಹುಟ್ಟುವುದು ಅಲ್ಲಿಂದ ಸುಮಾರಾಗಿ ಕಾಣುತ್ತದೆ."

ಇನ್ನೊಂದು ಪುಟ: "ಇಲ್ಲಿಯವರದು ಮಾತು ಜಾಸ್ತಿ, ಊಟ ಕಡಿಮೆ. ಹೊಟ್ಟೆ ತುಂಬಿಸಿಕೊಂಡೇ ಊರೊಳಗೆ ಕಾಲಿಡಿ."

ತಂಗಿ ನಗಲು ಶುರುಮಾಡಿದಳು. "ಇದೇ ಬೇಕು."

"ಅಯ್ಯೋ, ಇಷ್ಟೊಂದು ಬೈಯೋ ಪುಸ್ತಕಾನ?" ಎಂದಳು ಅಕ್ಕ. "ಅಷ್ಟು ದೂರ ಹೋಗಿ ಗೊಣಗಾಟ ಕೇಳ್ಬೇಕೇನೇ? ಆ ಬಂಗಾರದ ಅಂಚಿಂದು ತಗೊ, ಮನಸ್ಸಿಗೆ ಹಿತವಾಗಿರುತ್ತೆ."

"ಇಲ್ಲ ಕಣೆ. ಇದನ್ನ ಓದ್ತಿದ್ರೆ ನೀನು ಪಕ್ಕದಲ್ಲಿ ಕೂತ ಹಾಗಾಗುತ್ತೆ."

ಅಕ್ಕ ಸಿಟ್ಟು ಮಾಡಿಕೊಂಡು ಮನೆವರೆಗೆ ಮುಂದೆ ಮುಂದೆ ನಡೆದಳು. ಆದರೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು.

ಅವಳು ಅದನ್ನು ಒಲೆಯ ಮುಂದೆ ಕೂತು ಓದಿದಳು, ಹೊಲಿಗೆ ಬಿಟ್ಟು ಓದಿದಳು. ಪುಸ್ತಕ ಬರೆದವರು ಯಾರೋ ಏನೋ, ಹೆಸರಿರಲಿಲ್ಲ. ಪುಟಪುಟಕ್ಕೂ ದೂರು. ಕಲ್ಲು ಚುಚ್ಚುತ್ತದೆ, ಬಾಗಿಲು ಗಿಡ್ಡ, ನಾಯಿಗಳಿಗೆ ಮರ್ಯಾದೆಯಿಲ್ಲ. ಓದುತ್ತ ಓದುತ್ತ ಪುಸ್ತಕದ ಸರಿಯಾಗಿ ನಡುವೆ ಅವಳ ಕೈ ನಿಂತಿತು. ಅಲ್ಲಿ ಒಂದು ಊರಿನ ಬಗ್ಗೆ ಒಂದೇ ಸಾಲಿತ್ತು: "ಇಲ್ಲಿ ದೂರುವಂಥದ್ದು ನನಗೇನೂ ಸಿಗಲಿಲ್ಲ."

ತಿಗಣೆಯ ಊರಿನಿಂದ ಎದ್ದು ಬರಬಹುದು, ಉಪ್ಪುನೀರಿನ ಊರಿನಿಂದಲೂ ಬರಬಹುದು. ದೂರೇ ಇಲ್ಲದ ಊರಿನಿಂದ ಯಾರು ಯಾಕೆ ಬರುತ್ತಾರೆ? ಮನೆ ಮರೆಯುವುದಿದ್ದರೆ ಅಲ್ಲೇ. ಅವಳು ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಆ ಪುಟದ ಕಿವಿ ಮಡಿಸಿದಳು. ಕೆಂಡದ ತಂಬಿಗೆಯನ್ನು ಓಡಿಸಿದಳು. ಅಳಲಿಲ್ಲ.

ತಂಗಿ ನೋಡಿ ನಕ್ಕಳು. "ಎಲ್ಲಿ ಮಡಿಸಿದ್ರೂ ನನಗೇನು ಭಯ? ನಿನ್ನ ಒಲೆ ಮೇಲೆ ಇರೋದೇ ಒಂದು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಹುರುಳಿ ಸಾರು!"

"ಹೂಂ, ನಗು. ನೀನು ಬರೋವರೆಗೂ ಅದನ್ನ ಬದಲಾಯಿಸಲ್ಲ, ಹೋಗು. ಆ ನೆಲದ ತುದಿ ಅದೇನಿದೆಯೋ ನೋಡ್ಕೊಂಡೇ ಬಾ."

ಬಾಗಿಲಿನವನು ಬಾಗಿಲು ತೆಗೆದ. ಅವನಿಗೆ ಇದ್ದದ್ದು ಒಂದೇ ಕೆಲಸ. ಹೋಗುವವರ ಪುಸ್ತಕದಲ್ಲಿ ಮಡಿಕೆ ಇದೆಯೇ ಎಂದು ನೋಡುವುದು, ಬರುವವರ ಪುಸ್ತಕದಲ್ಲಿ ಮಡಿಕೆ ಹೇಗಿದೆ ಎಂದು ನೋಡುವುದು. ಗೋಡೆಯ ಮೇಲೆ ಅವನ ತಲೆಯ ಹಿಂದೆ ಬರೆದಿತ್ತು: ಮಡಿಸಿದವರು ಬಿಚ್ಚಬಾರದು, ಬಿಚ್ಚಿಕೊಂಡದ್ದನ್ನು ಯಾರೂ ಮಡಿಸಬಾರದು.

ತಂಗಿ ಹೋದಳು. ಅಕ್ಕ ಉಳಿದಳು.

ಅಕ್ಕ ಹುರುಳಿ ಸಾರು ಬೇಯಿಸಿದಳು. ಬೆಳಕು ಹರಿದಾಗ ಬೇಯಿಸಿದಳು, ನೆತ್ತಿಯ ಮೇಲೆ ಬಿಸಿಲು ಬಂದಾಗ ಬೇಯಿಸಿದಳು, ದೀಪ ಹಚ್ಚುವಾಗ ಬೇಯಿಸಿದಳು. ಯಾವ ಹೊತ್ತಿನಲ್ಲಿ ತಂಗಿ ಆ ಊರು ಮುಟ್ಟುತ್ತಾಳೋ, ಯಾವ ಹೊತ್ತಿನಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಳ್ಳುತ್ತಾಳೋ, ಆ ಹೊತ್ತಿನಲ್ಲಿ ಒಲೆ ಖಾಲಿ ಇರಬಾರದು. ಅವಳು ಹೇಳಿದ್ದು ನಿಜವಾಗಬೇಕು. ಆ ಪುಟ ದಾಟಿದಳೋ ಇಲ್ಲವೋ ತಿಳಿಯುವ ಬಗೆಯಿರಲಿಲ್ಲ, ಸಮುದ್ರದಾಚೆಯಿಂದ ಸುದ್ದಿ ಬರುತ್ತಿರಲಿಲ್ಲ. ಹಾಗಾಗಿ ನಿಲ್ಲಿಸುವಂತೆಯೂ ಇರಲಿಲ್ಲ. ಅವಳು ಜ್ವರದಲ್ಲಿ ಎದ್ದು ಬೇಯಿಸಿದಳು. ಹಬ್ಬದ ದಿನ ಊರೆಲ್ಲ ಕರಿದ ವಾಸನೆ ಬರುವಾಗ ಬೇಯಿಸಿದಳು. ಕೊಡೆಯ ಕಡ್ಡಿಗಳನ್ನೂ ಅವಳೇ ಕಟ್ಟತೊಡಗಿದಳು. ಅವಳು ಕಟ್ಟಿದ ಕೊಡೆ ಸಣ್ಣ ಗಾಳಿಗೂ ಮೇಲ್ಮುಖವಾಗಿ ತಿರುಗಿಬೀಳುತ್ತಿತ್ತು. ಊರಿನವರು ಆ ವರ್ಷಗಳಲ್ಲಿ ನೆನೆದುಕೊಂಡೇ ಓಡಾಡಿದರು. ಯಾರೂ ಅವಳಿಗೆ ಹೇಳಲಿಲ್ಲ.

ಎಷ್ಟೋ ಮಳೆಗಾಲ ಹೋಯಿತು. ಒಂದು ಮಳೆಗಾಲದಲ್ಲಿ ಅಕ್ಕ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದವಳು ಹಾಗೇ ನಿಂತಳು. ಅರಿಶಿನದ ಎಲೆಗಳು ಅವಳ ಸೊಂಟದವರೆಗೆ ಬಂದಿದ್ದವು. ಪ್ರತಿ ವರ್ಷವೂ ಬಂದು, ಅಗಲವಾಗಿ, ಹಳದಿಯಾಗಿ, ಬಾಗಿ ಬೀಳುತ್ತಿದ್ದವು, ಒಂದೂ ಕಿತ್ತಿರಲಿಲ್ಲ. ಸೆರಗು ಹಿಡಿದುಕೊಂಡು ಸುತ್ತುವವರು ಯಾರೂ ಇರಲಿಲ್ಲ.

ಆಗ ಅವಳಿಗೆ ಒಂದು ಯೋಚನೆ ಬಂತು. ಬಂದದ್ದೇ ತಡ, ಅದರಿಂದ ಅವಳಿಗೆ ಭಯವಾಯಿತು. ತಂಗಿ ಇನ್ನೂ ಆ ಊರು ಮುಟ್ಟಿಲ್ಲದಿದ್ದರೆ? ಇವತ್ತೇ ಮುಟ್ಟಿದರೆ? ಅವಳು ಹುರುಳಿ ಸಾರು ಎನ್ನುತ್ತಾಳೆ. ಒಲೆಯ ಮೇಲೆ ಬೇರೆ ಇದ್ದರೆ ಮಡಿಕೆ ಬಿಚ್ಚುವುದಿಲ್ಲ. ಬಿಚ್ಚದಿದ್ದರೆ ಅವಳು ಬರುತ್ತಾಳೆ.

ಅಕ್ಕ ಸಾರಿನ ಮಡಕೆಯನ್ನು ಇಳಿಸಿದಳು. ಅಕ್ಕಿ ರುಬ್ಬಿದಳು. ಎಲೆ ಕೊಯ್ದಳು. ಕಡುಬು ಬೆಂದಿತು. ಆ ಹಬೆ ಮನೆಯಿಂದ ಬೀದಿಗೆ, ಬೀದಿಯಿಂದ ಸಮುದ್ರಕ್ಕೆ ಹೋಯಿತು.

ಬೆಂದ ಮೇಲೆ ಅವಳು ಒಂದನ್ನೂ ತಿನ್ನಲಿಲ್ಲ. ಎಲ್ಲವನ್ನೂ ತಟ್ಟೆಗೆ ಹಾಕಿ ಬಾಗಿಲಿನವನಿಗೆ ಕೊಟ್ಟಳು.

"ಇದೇನಮ್ಮ, ಇವತ್ತು ಸಾರಿಲ್ವ?" ಎಂದ ಬಾಗಿಲಿನವನು.

"ಸುಮ್ಮನೆ ತಿನ್ನಿ" ಎಂದಳು ಅಕ್ಕ. ಮನೆಗೆ ಬಂದು ಮತ್ತೆ ಹುರುಳಿ ಇಟ್ಟಳು. ಆಮೇಲೆ ಎಂದೂ ಬದಲಿಸಲಿಲ್ಲ.

ಅತ್ತ ತಂಗಿ ಗೊಣಗುವ ಪುಸ್ತಕವನ್ನು ಹಿಡಿದುಕೊಂಡು ಊರೂರು ದಾಟಿದ್ದಳು. ಕಲ್ಲು ಚುಚ್ಚುತ್ತದೆ ಎಂದ ಕಡೆ ಕಲ್ಲು ಚುಚ್ಚಿತು. ಬಾಗಿಲು ಗಿಡ್ಡ ಎಂದ ಕಡೆ ಹಣೆ ಬಡಿಯಿತು. "ಹೇಳಿರಲಿಲ್ವಾ ನಾನು?" ಎಂದು ಪುಸ್ತಕ ಅಂದ ಹಾಗಾಗುತ್ತಿತ್ತು, ಅಕ್ಕನ ದನಿಯಲ್ಲೇ. ಮೊದಲು ಅದರಿಂದ ಧೈರ್ಯ ಬರುತ್ತಿತ್ತು. ಆಮೇಲೆ ನಗು ಬರುತ್ತಿತ್ತು. ಆಮೇಲಾಮೇಲೆ, ಓದುತ್ತಿದ್ದಂತೆ ಅಕ್ಷರ ಕಲಸಿಹೋಗುತ್ತಿತ್ತು. ಕೊನೆಗೆ ಅವಳಿಗೆ ಗೊತ್ತಾಯಿತು: ನೆಲದ ತುದಿ ನೋಡುವ ಆಸೆ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿದೆ. ಯಾವ ಊರಿನಲ್ಲಿ ಎಂದು ಪುಸ್ತಕದಲ್ಲೂ ಇರಲಿಲ್ಲ.

ಹೀಗೆ ಅವಳು ದೂರಿಲ್ಲದ ಊರನ್ನು ಮುಟ್ಟಿದಳು. ನೀರು ಸಿಹಿ. ಹಾಸಿಗೆ ಮೆತ್ತಗೆ. ನಾಯಿಗಳು ದಾರಿ ಬಿಟ್ಟು ನಿಂತವು. ಛತ್ರದವಳು ಬಿಸಿನೀರು ತಂದಿಟ್ಟು, "ಏನಾದ್ರೂ ಕೊರತೆ ಇದೆಯೇನಮ್ಮ?" ಎಂದು ಕೇಳಿದಳು.

"ಏನೂ ಇಲ್ಲ" ಎಂದಳು ತಂಗಿ. ಹೇಳುತ್ತಲೇ ಅವಳಿಗೆ ಅಳು ಬಂತು.

"ಇಲ್ಲಿ ಎಲ್ಲರೂ ಇದಕ್ಕೇ ಅಳೋದು" ಎಂದಳು ಛತ್ರದವಳು, ಒರೆಸಿಕೊಳ್ಳಲು ಬಟ್ಟೆ ಕೊಡುತ್ತ.

ತಂಗಿ ಜಗಲಿಯಲ್ಲಿ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. ಉತ್ತರ ಗೊತ್ತಿತ್ತು. ಜಗತ್ತಿನಲ್ಲಿ ಅವಳಿಗೆ ಅಷ್ಟು ಖಚಿತವಾಗಿ ಗೊತ್ತಿದ್ದದ್ದು ಬೇರೆ ಇರಲಿಲ್ಲ. ಅದನ್ನು ಹೇಳಿದರೆ ಮಡಿಕೆ ಬಿಚ್ಚುತ್ತದೆ. ಬಿಚ್ಚಿದರೆ ಇನ್ನೂ ಅರ್ಧ ಪುಸ್ತಕ ಇದೆ, ಇನ್ನೂ ಇಷ್ಟೇ ವರ್ಷ ಇದೆ. ಅಕ್ಕ ಅಷ್ಟು ಕಾಲ ಇರುತ್ತಾಳೋ ಇಲ್ಲವೋ. ಮನೆಗೆ ಹೋಗಬೇಕೆಂದರೆ ಮನೆ ಮರೆತವಳಾಗಬೇಕು.

ಆಗ ಹನಿ ಶುರುವಾಯಿತು. ಮನೆಯಲ್ಲೂ ಮಳೆಗಾಲ ಎಂದುಕೊಂಡಳು. ಎಲೆ ಬಲಿತಿರುತ್ತದೆ. ಒಂದು ಸುಳ್ಳು ಹೇಳಬೇಕಾಗಿತ್ತು. ಹುಡುಕಬೇಕಾಗಲಿಲ್ಲ, ಅದು ನಾಲಿಗೆಯ ಮೇಲೇ ಕೂತಿತ್ತು.

"ಅರಿಶಿನದ ಎಲೆ ಕಡುಬು" ಎಂದಳು.

ಪುಟದ ಕಿವಿ ಅಲುಗಿತು. ನೆನೆದ ಕಾಳು ಬಾಯಿಬಿಡುವ ಹಾಗೆ ನಿಧಾನವಾಗಿ ಎದ್ದಿತು, ಎದ್ದು ನೆಟ್ಟಗಾಯಿತು.

ತಂಗಿ ಅದನ್ನೇ ನೋಡುತ್ತ ಕೂತಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬದಲಾಯಿಸಲ್ಲ ಎಂದವಳು ಬದಲಾಯಿಸಿದ್ದಾಳೆ. ತಿನ್ನುವವಳು ಇಲ್ಲದ ಮನೆಯಲ್ಲಿ ಕಡುಬು ಬೇಯಿಸಿದ್ದಾಳೆ. ಅಷ್ಟು ದೂರದಿಂದ, ಬೇರೆ ಯಾವ ದಾರಿಯೂ ಇಲ್ಲದೆ, ಒಲೆಯಿಂದಲೇ ಕರೆದಿದ್ದಾಳೆ.

ನೆಟ್ಟಗಾದ ಪುಟದ ಮುಂದೆ ಉಳಿದರ್ಧ ಪುಸ್ತಕ ಕಾಯುತ್ತಿತ್ತು. ತಂಗಿ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಆ ಕಿವಿಯನ್ನು ತಾನೇ ಮತ್ತೆ ಮಡಿಸಿದಳು. ಛತ್ರದವಳ ಬಿಸಿನೀರಿನ ತಂಬಿಗೆಯನ್ನು ಅದರ ಮೇಲೆ ಓಡಿಸಿದಳು. ಎದ್ದು ಹಡಗಿನ ಕಡೆಗೆ ನಡೆದಳು.

ಬಾಗಿಲಿನವನು ಮುದುಕನಾಗಿದ್ದ. ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಸಲ ಮಡಿಸಿದ ಕಾಗದಕ್ಕೆ ಒಂದು ಗೆರೆ. ಇದಕ್ಕೆ ಎರಡಿತ್ತು, ಒಂದರ ಪಕ್ಕ ಒಂದು, ಹತ್ತಿರ ಹತ್ತಿರ.

"ಇದು ಬಿಚ್ಚಿಕೊಂಡಿತ್ತು" ಎಂದ.

"ಹೌದು."

"ಆಮೇಲೆ ಯಾರೋ ಮಡಿಸಿದಾರೆ."

"ಹೌದು. ಒಂದು ಗೆರೆ ಅವಳದು, ಒಂದು ನನ್ನದು."

ಬಾಗಿಲಿನವನು ತಲೆಯ ಹಿಂದಿನ ಬರಹದ ಕಡೆ ತಿರುಗಲಿಲ್ಲ. ಕೆಳಗಿನ ತುಟಿಯನ್ನು ಒಮ್ಮೆ ನಾಲಿಗೆಯಿಂದ ಸವರಿಕೊಂಡ. "ನಿಮ್ಮಕ್ಕ ಒಂದ್ಸಲ ಕಡುಬು ಕೊಟ್ಟಿದ್ದಳಮ್ಮ. ಕೊಡುವಾಗ ಅವಳ ಮುಖ ನೋಡೋಕಾಗಿರಲಿಲ್ಲ" ಎಂದ. ಪುಸ್ತಕವನ್ನು ಮುಚ್ಚಿ ಅವಳ ಕೈಗಿಟ್ಟ. "ಇವತ್ತು ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ. ಒಂದು ಗೆರೆಯೋ ಎರಡೋ, ನನಗೇನು ಕಾಣುತ್ತೆ? ಹೋಗು, ಹೋಗು."

ಕನ್ನಡಕ ಅವನ ಮೂಗಿನ ಮೇಲೇ ಇತ್ತು.

ಅಕ್ಕ ಒಲೆಯ ಮುಂದೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಹೆಜ್ಜೆಯ ಸದ್ದು ಹೊಸಿಲಿಗೆ ಬಂದು ನಿಂತಿತು. ಅಕ್ಕ ತಿರುಗಲಿಲ್ಲ. ಸೌಟು ಮಾತ್ರ ಸಾರಿನಲ್ಲಿ ನಿಂತುಹೋಯಿತು.

"ಕಾಲು ತೊಳ್ಕೊಂಡು ಬಾ. ಮನೆಯೆಲ್ಲ ಮಣ್ಣಾಗುತ್ತೆ" ಎಂದಳು.

ತಂಗಿ ಕಾಲು ತೊಳೆದು ಬಂದು ಪಕ್ಕದಲ್ಲಿ ಕೂತಳು. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು.

"ಮಡಿಕೆ ಬಿಚ್ಚಲಿಲ್ವಾ?" ಎಂದಳು ಅಕ್ಕ, ಮೆಲ್ಲಗೆ. "ನೀನು ಸರಿಯಾಗೇ ಹೇಳಿರ್ತೀಯ. ತಪ್ಪು ನಂದು ಕಣೆ. ನಾನು ಅವತ್ತು..."

"ನಾನು ಸುಳ್ಳು ಹೇಳಿದೆ" ಎಂದಳು ತಂಗಿ. "ವಾಪಸ್ ಬರಬೇಕು ಅಂತ. ಕಡುಬು ಅಂದುಬಿಟ್ಟೆ."

ಅಕ್ಕ ಈಗ ತಿರುಗಿ ನೋಡಿದಳು.

"ನಾನು ಸುಳ್ಳು ಬೇಯಿಸಿದ್ದೆ" ಎಂದಳು.

ಮಾಮಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಮತ್ತೆ ಕತ್ತರಿ ಕೈಗೆತ್ತಿಕೊಳ್ಳುತ್ತಿದ್ದರು. ಮುಂದೇನಾಯಿತು ಎಂದರೆ, "ಊಟ ಮಾಡಿದ್ರು, ಇನ್ನೇನಾಗುತ್ತೆ?" ಎನ್ನುತ್ತಿದ್ದರು. ನೆಲದ ತುದಿಯಲ್ಲಿ ಏನಿತ್ತು ಎಂದು ಕೇಳಿದ್ದಕ್ಕೆ, ಆ ಪುಸ್ತಕ ಬರೆದವರು ಅಲ್ಲೂ ಏನಾದರೂ ಗೊಣಗಿಯೇ ಇರುತ್ತಾರೆ ಎಂದರು.

ಅಪ್ಪನಿಗೆ ಮತ್ತೆ ವರ್ಗವಾಯಿತು. ನಾವು ಲಾರಿ ಹತ್ತುವ ದಿನ ಮಾಮಿ ಮಹಡಿಯಿಂದ ಇಳಿದು ಬಂದು, ನನ್ನ ಸಮಾಜ ಪುಸ್ತಕ ತೆಗೆಸಿ, ಯಾವುದೋ ಒಂದು ಪುಟದ ಕಿವಿ ಮಡಿಸಿ ಕೊಟ್ಟರು. ಯಾವ ಪುಟ ಎಂದು ನಾನು ನೋಡಲಿಲ್ಲ. ಬೇಸಿಗೆಯಲ್ಲಿ ಆ ಪುಸ್ತಕ ರದ್ದಿಗೆ ಹೋಯಿತು. ಈಗ ಯಾರಾದರೂ ದೂರದೇಶಕ್ಕೆ ಹೊರಟು, ಯಾವ ಗೈಡ್ ಬುಕ್ ತಗೊಳ್ಳಲಿ ಎಂದು ನನ್ನನ್ನು ಕೇಳಿದರೆ, ಪುಸ್ತಕದ ಬಗ್ಗೆ ಮಾತಾಡದೆ ಬೇರೇನೋ ಕೇಳುತ್ತೇನೆ: ಮನೆಯಲ್ಲಿ ಯಾರು ಉಳಿಯುತ್ತಾರೆ? ಅವರು ಗೊಣಗುತ್ತಾರಾ? ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಇನ್ನು ಇದು ನಿಮ್ಮದು. ಹೊರಡುವವರಿಗೂ ಹೇಳಿ, ಉಳಿಯುವವರಿಗೂ ಹೇಳಿ. ಹೇಳುವಾಗ ಒಂದು ವಿಷಯ. ಮಾಮಿ ಹೇಳಿದ ಕಥೆಯಲ್ಲಿ ಒಲೆಯ ಮೇಲೆ ಇದ್ದದ್ದು ಬೇಳೆಯ ತೊವೆ, ಅದು ಅವರ ಮನೆಯದು. ಹುರುಳಿ ಸಾರು ನನ್ನಮ್ಮನದು, ನಾನು ಹಾಕಿಕೊಂಡದ್ದು. ನೀವು ಹೇಳುವಾಗ ಅದನ್ನು ತೆಗೆದು ನಿಮ್ಮ ಮನೆಯದನ್ನು ಇಟ್ಟುಕೊಳ್ಳಿ. ಕಡುಬನ್ನು ಮಾತ್ರ ಮುಟ್ಟಬೇಡಿ. ಅದು ಮಾಮಿಯದು, ಹಾಗೇ ಇರಲಿ.